ಮಗಳಿಗೊಂದು ಪತ್ರ: ಪಾಪು ‘ಪಾಲು’ ಅಂದರೆ ನಗಬೇಡ

ಪುಟ್ಟೀ,

ನಿನ್ನ ಕನ್ನಡ, ಅಳಿಯಂದಿರ ತಮಿಳು, ಕಿಂಡರ್‌ಗಾರ್ಟನ್ನಿನ ಜರ್ಮನ್ ಎಲ್ಲ ಸೇರಿ ಪಾಪುವಿನ ಮಾತು ಕಲಸುಮೇಲೋಗರ ಆಗಿದೆ, ಮನೆಯಲ್ಲಿ ತಮಿಳು ನಿಲ್ಲಿಸಿಬಿಡಲೇ ಅಂತ ಕೇಳಿದ್ದೀಯ. ಬೇಡ. ಅಲ್ಲಿ ನಿನ್ನ ಕನ್ನಡಕ್ಕೆ ಇರುವ ಆಸರೆಯೇ ತಮಿಳು.

ಮೂರು ವರ್ಷದ ಮಗು “ಮಿಲ್ಷ್‌ಗೆ ಸಕ್ಕರೆ ಹಾಕು” ಅಂದರೆ ಗಾಬರಿ ಬೀಳಬೇಡ. ಪದವೊಂದು ಜರ್ಮನ್, ‘ಗೆ’ ಪ್ರತ್ಯಯವೂ ಕೊನೆಯ ಕ್ರಿಯಾಪದವೂ ಕನ್ನಡದ್ದೇ. “ಹೂಂ, ಹಾಲಿಗೆ ಸಕ್ಕರೆ ಹಾಕ್ತೀನಿ” ಅಂತ ಪೂರ್ತಿ ಹೇಳಿ ಸುಮ್ಮನಾಗು. “ಕನ್ನಡದಲ್ಲಿ ಹೇಳು” ಅಂತ ಗದರಿದರೆ ಇರುವ ಮಾತೂ ನಿಂತುಹೋಗುತ್ತೆ.

ನೀನು ಕಿವಿಗೊಡಬೇಕಾದ್ದು ‘ನನಗೆ’ ಅನ್ನುವ ಪದಕ್ಕೆ. ನನಗೆ ಹಸಿವು, ನನಗೆ ಗೊತ್ತು, ನನಗೆ ಬೇಕು. ಜರ್ಮನ್ನಿನಲ್ಲಿ ಈ ಮೂರೂ ‘ಇಷ್’, ಅಂದರೆ ‘ನಾನು’ ಅಂತ ಶುರುವಾಗುತ್ತವೆ. “ನಾನು ಬೇಕು ಹಾಲು” ಅಂತ ಪದೇಪದೇ ಕೇಳಿಸಿದರೆ ಕನ್ನಡ ಕಿವಿಗೆ ಬೀಳುವುದು ಸಾಲದು ಅಂತ ತಿಳಿ. ತಮಿಳಿನಲ್ಲಾದರೆ ‘ಎನಕ್ಕು ಪಸಿ’, ‘ಎನಕ್ಕು ತೆರಿಯುಂ’: ನಮ್ಮದೇ ಅಚ್ಚು. ಹಾಲಿಗೆ ‘ಪಾಲು’ ಅಂದರೂ ನಗಬೇಡ, ಹಳಗನ್ನಡದಲ್ಲೂ ಅದು ಪಾಲೇ! ಹುಲಿ-ಪುಲಿ, ಹತ್ತು-ಪತ್ತು ಅಂತ ಅಪ್ಪ-ಮಗಳು ಆಟ ಕಟ್ಟಲಿ. ಹಿಮ, ಹೃದಯದಂಥ ಸಂಸ್ಕೃತ ಪದಗಳಿಗೆ ಮಾತ್ರ ಈ ಹ-ಪ ಅದಲುಬದಲು ನಡೆಯಲ್ಲ.

ಮನೆಮಾತು ಸೊರಗುವುದು ಬೇರೆ ಕಡೆ. ಸಂಜೆಯೆಲ್ಲ “ಬಾ, ತಿನ್ನು, ಮಲಗು” ಅಷ್ಟೇ ಆದರೆ ಮಗುವಿಗೆ ಅರ್ಥವಾಗುತ್ತೆ, ಆಡಲು ಬರಲ್ಲ. ಸ್ನಾನದ ಹೊತ್ತಿಗೆ “ಇವತ್ತು ಏನೇನಾಯ್ತು?” ಅಂತ ಕೇಳು, ಹೌದು-ಇಲ್ಲದಲ್ಲಿ ಮುಗಿಯುವ ಪ್ರಶ್ನೆ ಬೇಡ. ಆಗಲೇ ‘ಬಿದ್ದೆ’, ‘ಕೊಟ್ಟಳು’, ‘ಹೋಗಿದ್ವಿ’ ಎಲ್ಲ ಹೊರಬರುವುದು. ಮತ್ತೆ, ಅವಳಿಗೆ ನಿನ್ನಿಂದ ಸಿಗುವುದು ಬರೀ ‘ನೀನು’. ಅದಕ್ಕೇ ತಾತನಿಗೂ “ನೀನು ಬಾ” ಅನ್ನುತ್ತಾಳೆ. ವಿಡಿಯೋ ಕಾಲ್‌ನಲ್ಲಿ ನೀನು ಅಪ್ಪನಿಗೆ “ಬನ್ನಿ, ಊಟ ಮಾಡಿದ್ರಾ” ಅನ್ನುವಾಗ ಅವಳನ್ನು ಪಕ್ಕದಲ್ಲೇ ಕೂರಿಸಿಕೋ.

ಅಕ್ಷರಕ್ಕೆ ಅವಸರವಿಲ್ಲ. ಶುರು ಮಾಡಿದಾಗ ಅ ಆ ಇ ಈ ಸಾಲು ಹಿಡಿಯಬೇಡ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ (ಆಡುತ್ತ ಕಲಿಯುವ) ತರಗತಿಗಳಂತೆ ರ ಗ ಸ ದ ಅ ತಗೋ. ಐದೇ ಅಕ್ಷರದಲ್ಲಿ ಸರ, ಅರಸ, ದಸರ, ಗರಗಸ ಓದಬಹುದು. ಆಮೇಲೆ ಕಾಗುಣಿತ, ಒತ್ತಕ್ಷರ. ಎಲ್ಲಕ್ಕಿಂತ ಕೊನೆಗೆ ಅರ್ಕಾವೊತ್ತು: ‘ಸೂರ್ಯ’ದಲ್ಲಿ ಕೊನೆಗೆ ಬರೆದ ‘ರ್’ ಗುರುತನ್ನು ‘ಯ’ಗಿಂತ ಮೊದಲು ಓದಬೇಕು, ಎಡದಿಂದ ಬಲಕ್ಕೆ ಜರ್ಮನ್ ಓದುವ ಮಗು ಅಲ್ಲಿ ಎಡವಿಯೇ ಎಡವುತ್ತೆ.

ಗರಗಸದ ಚಿತ್ರ ಬರೆದು ಕಾರ್ಡು ಮಾಡ್ತಿದ್ದೀನಿ. ಅಳಿಯಂದಿರಿಗೂ ಒಂದು ಜೊತೆ.

ಅಮ್ಮ