ರಸೀದಿ ಪುಸ್ತಕ ಕೈಗೆ ಬಂದ ಮೇಲೆ

ಪ್ರೀತಿಯ ಪುಟ್ಟೀ,

ನೀನು ಹೈಸ್ಕೂಲಿನ ಆಡಳಿತ ಮಂಡಳಿಗೆ ಕಾರ್ಯದರ್ಶಿ ಆದೆ ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ತುಂಬಾ ಖುಷಿಯಾಯಿತು. ಆಮೇಲೆ ನೀನು ವಾಟ್ಸಾಪಿನಲ್ಲಿ ಹಾಕಿದ ಮನವಿಯನ್ನೂ ಓದಿದೆ. "ಶಾಲೆಯ ಸರ್ವಾಂಗೀಣ ಅಭಿವೃದ್ಧಿಗೆ ಉದಾರವಾಗಿ ಧನಸಹಾಯ ಮಾಡಿ" ಅಂತ ಬರೆದು ಕೆಳಗೊಂದು ಕ್ಯೂಆರ್ ಕೋಡ್ ಹಾಕಿದ್ದೀಯ. ಅದನ್ನು ನೋಡಿದ ಮೇಲೆ ನಿನಗೆ ಬರೆಯಲೇಬೇಕು ಅನ್ನಿಸಿತು. ಟೀಚರ್ ಆಗಿ, ಆಮೇಲೆ ಹೆಡ್‌ಮಿಸ್ ಆಗಿ, ರಸೀದಿ ಪುಸ್ತಕ ಹಿಡಿದುಕೊಂಡು ಊರೂರು ತಿರುಗಿದವಳು ನಿನ್ನ ದೊಡ್ಡಮ್ಮ.

ಸರ್ವಾಂಗೀಣ ಅಭಿವೃದ್ಧಿ ಅಂದರೆ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ ಕಣೇ. ಎಂಟನೇ ತರಗತಿ ಕೋಣೆಯ ಹೆಂಚು ಒಡೆದಿದೆ, ಮಳೆ ಬಂದರೆ ಮಕ್ಕಳು ಬೆಂಚು ಎಳೆದುಕೊಂಡು ಒಂದು ಮೂಲೆ ಸೇರುತ್ತಾರೆ ಅಂತ ಬರೆ. ಮೇಸ್ತ್ರಿಯನ್ನು ಕರೆಸು. ಹೆಂಚಿಗೆ ಎಷ್ಟು, ರೀಪಿಗೆ ಎಷ್ಟು, ಕೂಲಿ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆಸಿಕೋ. ಆ ಚೀಟಿ ಹಿಡಿದುಕೊಂಡು ಮನೆಗೇ ಹೋಗು. ಗ್ರೂಪಿಗೆ ಹಾಕಿದ ಮನವಿಯನ್ನು ಎಲ್ಲರೂ ಓದುತ್ತಾರೆ, ಬೇರೆ ಯಾರೋ ಕೊಡುತ್ತಾರೆ ಅಂದುಕೊಂಡು ಸುಮ್ನಾಗುತ್ತಾರೆ. ಎದುರಿಗೆ ಕೂತು, ಕಾಫಿ ಕುಡಿದು, "ಅಣ್ಣಾ, ಈ ರೀಪಿನ ಖರ್ಚು ನಿಮ್ಮದಾಗಲಿ" ಅಂತ ಕೇಳಿದರೆ ಆ ಮಾತಿಗೆ ತೂಕ ಇರುತ್ತದೆ. ಇಲ್ಲ ಅಂದರೂ ಬೇಜಾರು ಮಾಡಿಕೊಳ್ಳಬೇಡ. ನೀನು ಕೇಳುತ್ತಿರುವುದು ಮಕ್ಕಳಿಗಾಗಿ. ನಾಚಿಕೆ ಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಆದರೆ ಕೇಳುವುದು ಸಣ್ಣ ಕೆಲಸ. ದುಡ್ಡು ಬಂದ ಮೇಲೆ ಶುರುವಾಗುವುದೇ ದೊಡ್ಡದು. ನನ್ನಿಂದ ಆದ ಒಂದು ತಪ್ಪು ಹೇಳುತ್ತೇನೆ, ಇದನ್ನು ನಾನು ನಿಮ್ಮಮ್ಮನಿಗೂ ಹೇಳಿಲ್ಲ.

ಒಬ್ಬರು ರಿಟೈರ್ಡ್ ಬಸ್ ಕಂಡಕ್ಟರ್, ಹೆಂಡತಿ ತೀರಿಕೊಂಡ ವರ್ಷ, ಅವರ ಹೆಸರಲ್ಲಿ ಲೈಬ್ರರಿಗೆ ಪುಸ್ತಕ ತಗೊಳ್ಳಿ ಅಂತ 25,000 ರೂಪಾಯಿ ತಂದುಕೊಟ್ಟರು. ಆ ತಿಂಗಳು ಗೌರವ ಶಿಕ್ಷಕರಿಗೆ ಸಂಬಳ ಕೊಡಲು ನಮ್ಮ ಹತ್ತಿರ ದುಡ್ಡಿರಲಿಲ್ಲ. ಇದನ್ನೇ ಕೊಟ್ಟುಬಿಡೋಣ, ಆಮೇಲೆ ತುಂಬಿಸಿದರಾಯಿತು ಅಂತ ನಾನೇ ಒಪ್ಪಿದೆ. ಎಂಟು ತಿಂಗಳಾದರೂ ತುಂಬಿಸಲು ಆಗಲಿಲ್ಲ. ಒಂದು ಶನಿವಾರ ಆ ಯಜಮಾನರು ಇಬ್ಬರು ಮೊಮ್ಮಕ್ಕಳ ಕೈ ಹಿಡಿದುಕೊಂಡು ಬಂದರು, "ಅಜ್ಜಿ ಪುಸ್ತಕ ತೋರಿಸೋಣ ಅಂತ ಕರಕೊಂಡು ಬಂದೆ" ಅಂದರು. ಜವಾನ ಬೀರುವಿನ ಬಾಗಿಲು ತೆಗೆದ. ಒಳಗೆ ಸೀಮೆಸುಣ್ಣದ ಡಬ್ಬಿ, ಹಳೇ ಉತ್ತರ ಪತ್ರಿಕೆಯ ಕಟ್ಟು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ಚಿಕ್ಕ ಹುಡುಗಿ "ಅಜ್ಜಿದು ಯಾವುದು ತಾತ?" ಅಂತ ಕೇಳುತ್ತಲೇ ಇದ್ದಳು.

ಮುಂದಿನ ತಿಂಗಳು ನನ್ನ ಸಂಬಳದಲ್ಲಿ ಮೊದಲ ಕಂತಿನ ಪುಸ್ತಕ ತರಿಸಿದೆ, ವರ್ಷದೊಳಗೆ ಪೂರ್ತಿ ಮಾಡಿದೆ. ಕಾಗದ ಬರೆದೆ. ಅವರು ಮತ್ತೆ ಶಾಲೆಗೆ ಬರಲಿಲ್ಲ. ಯಾರೂ ದುಡ್ಡು ತಿಂದಿರಲಿಲ್ಲ, ಪಾಪ ಆ ಟೀಚರುಗಳಿಗೇ ಹೋಗಿತ್ತು. ಆದರೂ ಅದು ಅವರ ಹೆಂಡತಿಯ ಪುಸ್ತಕದ ದುಡ್ಡು, ಅಲ್ವಾ?

ಸಿದ್ಧಗಂಗೆಯನ್ನು ನೋಡು. 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಮಕ್ಕಳ ಅನ್ನಕ್ಕಾಗಿ ಹಳ್ಳಿ ಹಳ್ಳಿಗೆ ಭಿಕ್ಷೆಗೆ ಹೋಗುತ್ತಿದ್ದರು. ರೈತರು ದವಸ ಧಾನ್ಯ ಕೊಡುತ್ತಿದ್ದರು. ಕೊಟ್ಟವರು ಯಾವತ್ತಾದರೂ ಮಠಕ್ಕೆ ಹೋದರೆ, ಸಾವಿರಾರು ಮಕ್ಕಳು ಸಾಲಾಗಿ ಕೂತು ಉಣ್ಣುವುದನ್ನು ನೋಡಿ, ತಾವೂ ದಾಸೋಹದಲ್ಲಿ ಉಂಡು ಬರುತ್ತಿದ್ದರು. ತಾವು ಕೊಟ್ಟದ್ದು ಎಲ್ಲಿಗೆ ಹೋಯಿತು ಅಂತ ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ನಿನ್ನ ಶಾಲೆಯಲ್ಲೂ ಹಾಗೇ ಆಗಬೇಕು. ಹೆಂಚು ಹಾಕಿಸಿದ ಮೇಲೆ, ಮೊದಲ ಮಳೆ ಬಿದ್ದ ದಿನ, ಕೊಟ್ಟವರನ್ನು ಆ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸು. ಆವತ್ತು ಇನ್ನೇನೂ ಕೇಳಬೇಡ.

ರಸೀದಿ ವಿಷಯ. ಐವತ್ತು ರೂಪಾಯಿಗೂ ರಸೀದಿ ಹರಿದುಕೊಡು. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟವರಿಗೆ ದೇಣಿಗೆಗೆ ಸಿಗುವ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಮಾಡಿ ಅಂತ ಮೊದಲೇ ಹೇಳು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗಿದ್ದರೂ ಆ ರಿಯಾಯಿತಿ ಇಲ್ಲ, ಹಾಗಾಗಿ ತೆರಿಗೆ ಉಳಿಯುತ್ತೆ ಅಂತ ಆಸೆ ತೋರಿಸಿ ಕೇಳಬೇಡ. ಅಮೆರಿಕದಲ್ಲಿರುವ ನಿನ್ನ ಕ್ಲಾಸ್‌ಮೇಟ್ಸ್ ದುಡ್ಡು ಕಳಿಸುತ್ತೇವೆ ಅಂದರೆ, ಮೊದಲು ಯಾವ ದೇಶದ ಪಾಸ್‌ಪೋರ್ಟು ಅಂತ ಕೇಳು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಅಲ್ಲಿನ ಪೌರತ್ವ ತಗೊಂಡಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದೆ ಮುಟ್ಟುವ ಹಾಗಿಲ್ಲ. ನೋಂದಣಿ ಇದ್ದರೂ ಆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪ್ರೀತಿಯಿಂದ ಕಳಿಸಿದ್ದು, ಏನಾಗುತ್ತೆ ಬಿಡು ಅಂದುಕೊಂಡರೆ ಟ್ರಸ್ಟಿಗೇ ತೊಂದರೆ.

ಅಸಲು ಹಾಗೇ ಇಟ್ಟು ಬಡ್ಡಿಯಲ್ಲಿ ಬಹುಮಾನ ಕೊಡಿ ಅಂತ ಕೊಡುವ ಚಿಕ್ಕ ಚಿಕ್ಕ ದತ್ತಿನಿಧಿ ತಗೊಳ್ಳುವಾಗಲೂ ಯೋಚನೆ ಮಾಡು. ಶೇಕಡ 7 ಬಡ್ಡಿ ಅಂದರೂ 1,000 ರೂಪಾಯಿಗೆ ವರ್ಷಕ್ಕೆ ಬರುವುದು 70. ಅದರಲ್ಲಿ ಯಾವ ಬಹುಮಾನ ಕೊಡುತ್ತೀಯ? ಅಂಥವರಿಗೆ ಈ ವರ್ಷವೇ ಮುಗಿಯುವ ಒಂದು ಕೆಲಸ ತೋರಿಸು.

ಇನ್ನು ನಿನ್ನ ಕುರ್ಚಿಯ ಮಾತು. ಊರವರನ್ನು ಕೇಳುವ ಮೊದಲು ಆಡಳಿತ ಮಂಡಳಿಯವರು ತಮ್ಮ ಕೈಲಾದಷ್ಟು ಕೊಟ್ಟಿರಬೇಕು, ಮೊದಲ ರಸೀದಿ ನಿನ್ನದೇ ಆಗಿರಬೇಕು. ಖಾಲಿ ಚೆಕ್ಕಿಗೆ ಸಹಿ ಹಾಕಿ ಇಡಬೇಡ, ಖಜಾಂಚಿ ಮನೆಯವರೇ ಆದರೂ. ಸಭೆಯಲ್ಲಿ ಬೇಡ ಅನ್ನುವ ಒಬ್ಬರು ಇದ್ದರೆ ಅವರನ್ನು ಕಳೆದುಕೊಳ್ಳಬೇಡ. ಕಂಡಕ್ಟರ್ ದುಡ್ಡಿನ ದಿನ ನಮ್ಮ ಸಭೆಯಲ್ಲಿ ಎಲ್ಲರೂ ತಲೆ ಆಡಿಸಿದ್ದರು. ಸುವರ್ಣ ಮಹೋತ್ಸವಕ್ಕೆ ಕಮಾನು ಕಟ್ಟಿಸೋಣ ಅಂತ ಅಧ್ಯಕ್ಷರು ಹೇಳುತ್ತಾರಂತೆ. ಗೌರವ ಶಿಕ್ಷಕರ ಸಂಬಳ ಬಾಕಿ ಇರುವಾಗ ಕಮಾನಿಗೆ ನೀನು ಒಪ್ಪಬೇಡ. ಗಟ್ಟಿಯಾಗಿ ಹೇಳು, ಆದರೆ ಹಿರಿಯರಿಗೆ ಕೊಡುವ ಮರ್ಯಾದೆ ಕೊಟ್ಟೇ ಹೇಳು. ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಶುರು ಮಾಡಿದ್ದು ಏಳು ಜನ ಮೇಷ್ಟ್ರುಗಳು. ಮೊದಲ ಹೈಸ್ಕೂಲಿಗೆ ಅವರು ಇಟ್ಟದ್ದು ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ ಅನ್ನುವ ಇಬ್ಬರು ಹಿರಿಯರ ಹೆಸರು, ತಮ್ಮದಲ್ಲ. ಕಮಾನಿನ ಮೇಲೆ ಯಾರ ಹೆಸರು ಅನ್ನುವ ಜಗಳ ಬಂದ ದಿನ ಇದನ್ನು ಎಲ್ಲರಿಗೂ ಹೇಳು.

ಮುಂದಿನ ಭಾನುವಾರ ನಾನೇ ಬರುತ್ತೇನೆ. ಆಫೀಸಿನ ಅಟ್ಟದ ಮೇಲೆ ಹಳೇ ಅಡ್ಮಿಷನ್ ರಿಜಿಸ್ಟರುಗಳಿರಬೇಕು, ಧೂಳು ಕೊಡವಿ ತೆಗೆದಿಡು. ಅದರಲ್ಲಿ ಓದಿದ ಪ್ರತಿ ಮಗುವಿನ ಅಪ್ಪನ ಹೆಸರು, ಊರು ಎಲ್ಲ ಇರುತ್ತದೆ. ಯಾರು ಯಾರು ಈಗ ಎಲ್ಲಿದ್ದಾರೆ ಅಂತ ಇಬ್ಬರೂ ಕೂತು ಪಟ್ಟಿ ಮಾಡೋಣ. ಒಂದು ಹೊಸ ರಸೀದಿ ಪುಸ್ತಕವನ್ನೂ ತರಿಸಿಡು, ನಿನ್ನ ನಂತರದ ರಸೀದಿ ನನಗೆ.

ಇಂತಿ,
ನಿನ್ನ ದೊಡ್ಡಮ್ಮ