ನಕಲು ನೋಡಲಿ, ಮೂಲ ಕತ್ತಲಲ್ಲಿರಲಿ

ಮಾನ್ಯರೆ,

ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಜುಲೈ 27 ಬಂತೆಂದರೆ 1916ರ ದಾಖಲೆ, ನಾಲ್ವಡಿಯವರ ಭಾವಚಿತ್ರ, ಹಳೆಯ ಘಟಿಕೋತ್ಸವಗಳ ಫೋಟೊಗಳನ್ನು ಗ್ರಂಥಾಲಯದಲ್ಲಿ ಪ್ರದರ್ಶಿಸುವ ಮಾತು ಬರುತ್ತದೆ. ಪ್ರದರ್ಶಿಸಲಿ, ಬೀರುವಿನಲ್ಲಿ ಬೀಗ ಹಾಕಿಟ್ಟ ಚರಿತ್ರೆ ಯಾರಿಗೆ ಬೇಕು? ಆದರೆ ಉದ್ಘಾಟನೆಯ ದಿನ ಗೊತ್ತುಮಾಡುವವರು ತೆಗೆಯುವ ದಿನವನ್ನು ಗೊತ್ತುಮಾಡುವುದಿಲ್ಲ. ಕೆಡುವುದು ಅಲ್ಲೇ.

ಕಾಗದಕ್ಕೆ ಬೆಳಕಿನಿಂದಾದ ಹಾನಿ ಕೂಡುತ್ತಲೇ ಹೋಗುತ್ತದೆ. ಕಾಗದ, ಓಲೆ, ಹಳೆಯ ಫೋಟೊಗಳಿಗೆ 50 ಲಕ್ಸ್ ಮಿತಿ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ). ದಿನಕ್ಕೆ 8 ಗಂಟೆಯಂತೆ 90 ದಿನದ ಪ್ರದರ್ಶನಕ್ಕೆ 36,000 ಲಕ್ಸ್-ಗಂಟೆ ಆಯಿತು. 500 ಲಕ್ಸ್ ಬೆಳಕಿನ ಓದುಕೋಣೆಯಲ್ಲಿ ಅಷ್ಟೂ ಒಂಬತ್ತೇ ದಿನಕ್ಕೆ ಮುಗಿಯುತ್ತದೆ. ಕಿಟಕಿ ಪಕ್ಕದ ಬಿಸಿಲಂತೂ ಕೇಳಲೇಬೇಡಿ. ಗಾಜಿನ ಪೆಟ್ಟಿಗೆಯೊಳಗೇ ದೀಪ ಕೂರಿಸಿದರೆ ಹಗಲೆಲ್ಲ ಕಾಗದ ಒಣಗಿ, ದೀಪ ಆರಿದ ಮೇಲೆ ತೇವ ಹೀರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಾಳೆ ಹಪ್ಪಳದಂತೆ ಡೊಂಕಾಗಿರುತ್ತದೆ.

ಹೊಸ ಪ್ಲೈವುಡ್, ಅಂಟು, ಬಣ್ಣಗಳಿಂದ ಹೊರಡುವ ಆವಿಯಲ್ಲಿ ಆಮ್ಲವಿರುತ್ತದೆ. ಬಣ್ಣ ಬಳಿದ ಪೆಟ್ಟಿಗೆಯನ್ನು ಕನಿಷ್ಠ ನಾಲ್ಕು ವಾರ ತೆರೆದಿಡಬೇಕು. ಅತಿಥಿಗಳ ದಿನಾಂಕ ಅದಕ್ಕೆ ಕಾಯುವುದಿಲ್ಲ ಎಂಬುದು ಬೇರೆ ಮಾತು. ಪದಕಗಳ ಕೆಳಗೆ ಉಣ್ಣೆ ಬಟ್ಟೆ ಹಾಸಿದರೆ ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಒಗೆದ ಹತ್ತಿ ಬಟ್ಟೆ ಸಾಕು.

ಈ ವಿಶ್ವವಿದ್ಯಾಲಯದ ನಿಜವಾದ ಚರಿತ್ರೆ ಇರುವುದು ಭಾವಚಿತ್ರಗಳಿಗಿಂತ, ಜನಸಾಮಾನ್ಯರಿಗಾಗಿ ಕೊಡಿಸಿದ ಉಪನ್ಯಾಸಗಳನ್ನು ಅಚ್ಚು ಹಾಕಿದ ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಿಕೆಗಳಲ್ಲಿ. ಇಂಥ ಪುಸ್ತಿಕೆಗಳ ನಡುವಿನ ತಂತಿ ಪಿನ್ನು ತುಕ್ಕು ಹಿಡಿದು ಸುತ್ತಲ ಕಾಗದವನ್ನು ತಿಂದಿರುತ್ತದೆ. ಪಿನ್ನನ್ನು ಎಳೆಯಬಾರದು. ಒಳಬದಿಗೆ ಮಡಿಸಿದ ಎರಡು ಕಾಲುಗಳನ್ನು ಚಪ್ಪಟೆ ಅಲಗಿನಿಂದ ಮೆಲ್ಲಗೆ ಎತ್ತಿ ನೆಟ್ಟಗೆ ಮಾಡಿ, ಬೆನ್ನ ಕಡೆಯಿಂದ ಬಿಡಿಸಿ, ಅದೇ ತೂತುಗಳಲ್ಲಿ ಹತ್ತಿ ದಾರ ಹಾಯಿಸಬೇಕು. ಹರಿದಲ್ಲಿ ತೆಳುವಾದ ಜಪಾನಿ ಕಾಗದಕ್ಕೆ ಗೋಧಿ ಪಿಷ್ಟದ ಅಂಟು. ಸೆಲೋಟೇಪಿನ ಅಂಟು ಕಾಗದದೊಳಕ್ಕೆ ಇಳಿದು ಕಂದು ಪಟ್ಟಿಯಾಗಿ ಉಳಿಯುತ್ತದೆ. ಲ್ಯಾಮಿನೇಶನ್ ಇನ್ನೂ ಕೆಟ್ಟದ್ದು, ಮಾಡಿದ ಮೇಲೆ ಬಿಡಿಸುವ ದಾರಿಯೇ ಇಲ್ಲವೆನ್ನಬಹುದು.

ದಪ್ಪ ಸಂಪುಟಗಳನ್ನು ಪೂರ್ತಿ ಬಿಚ್ಚಿ ಮಲಗಿಸಿದರೆ ಬೆನ್ನು ಮುರಿಯುತ್ತದೆ. ವ್ಯಾಸಪೀಠದಂಥ ಆಸರೆ ಕೊಟ್ಟು 100 ಡಿಗ್ರಿಯಷ್ಟು ತೆರೆದರೆ ಸಾಕು.

ಇಷ್ಟೆಲ್ಲ ಯಾಕೆ, ನಕಲನ್ನೇ ಇಡಬಹುದಲ್ಲ! 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆಯಂತೆ) ಸ್ಕ್ಯಾನ್ ಮಾಡಿ, ಹೊಳಪಿಲ್ಲದ ಕಾಗದದ ಮೇಲೆ ಮೂಲದ ಅಳತೆಯಲ್ಲೇ ಮುದ್ರಿಸಿ, ‘ನಕಲು’ ಎಂದು ಸ್ಪಷ್ಟವಾಗಿ ಬರೆಯಲಿ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಇರುವುದು ‘ಗ್ರಂಥ’ ಎಂಬ ಲಿಪಿಯಲ್ಲಿ, ತಮಿಳು ನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ ಅದು. ಓಲೆಯನ್ನೇ ಗಾಜಿನೊಳಗಿಟ್ಟರೆ ನೋಡುವವರಿಗೆ ಕಂದು ಪಟ್ಟಿಯೊಂದು ಕಂಡೀತು, ಅಷ್ಟೆ. ನಕಲಿನಲ್ಲಾದರೆ ಒಂದು ಸಾಲನ್ನು ದೊಡ್ಡದು ಮಾಡಿ, ಕೆಳಗೆ ಅದೇ ಸಾಲನ್ನು ಕನ್ನಡ ಅಕ್ಷರದಲ್ಲಿ ಕೊಡಬಹುದು.

ಇನ್ನು ಗುಂಪಿನ ಫೋಟೊಗಳು. ‘ಅಧ್ಯಾಪಕ ವೃಂದ’ ಎಂದಷ್ಟೇ ಬರೆದರೆ ಏನು ತಿಳಿದ ಹಾಗಾಯಿತು? ಸಾಲುವಾರು, ಎಡದಿಂದ ಬಲಕ್ಕೆ ಹೆಸರು ಬೇಕು. ಗೊತ್ತಿಲ್ಲದವರ ಜಾಗ ಖಾಲಿ ಬಿಟ್ಟು ನೋಡುಗರನ್ನೇ ಕೇಳಲಿ. ಸಿಕ್ಕ ಹೆಸರನ್ನು ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಗೆರೆ ಮುಂದಿನ ಮುಖದಲ್ಲಿ ಮೂಡುತ್ತದೆ. ಮೆತ್ತನೆಯ 2ಬಿ ಪೆನ್ಸಿಲ್‌ನಲ್ಲಿ, ಅಂಚಿಗೆ ಬರೆದಿಡಲಿ.

– ಗ್ರಂಥ ಸಂರಕ್ಷಣೆಯ ಕೆಲಸದಲ್ಲಿರುವವರು, ಮೈಸೂರು