ಬಂಜೆ ಅನ್ನುವ ಮೊದಲು ಪರೀಕ್ಷೆ ಮಾಡಿಸಿ

ಮಾನ್ಯ ಸಂಪಾದಕರೇ,

ಮದುವೆಯಾಗಿ ಆರು ವರ್ಷವಾದರೂ ನಮ್ಮ ವೈನಿಗೆ ಮಕ್ಕಳಿರಲಿಲ್ಲ. ಹರಕೆ ಹೊತ್ತಿದ್ದಾಯಿತು, ಊರವರ ಮಾತು ಕೇಳಿದ್ದಾಯಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ತೆಗೆಸಿದಾಗ ಗರ್ಭಕೋಶದ ಎರಡೂ ಟ್ಯೂಬ್ (ಅಂಡನಾಳ) ಬ್ಲಾಕ್ ಆಗಿದ್ದವು. ಹಳೆಯ ಸೋಂಕು ಕಾರಣವಿರಬಹುದು ಎಂದರು ಡಾಕ್ಟರು. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮಿಡಿಯ ಎಂಬ ಸೋಂಕಿನ ಹೆಸರು ನಾವು ಕೇಳಿದ್ದು ಅಂದೇ. ವೈನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಈ ಸೋಂಕು ತಗುಲಿದ ಹೆಚ್ಚಿನ ಹೆಂಗಸರಿಗೆ ಗೊತ್ತೇ ಆಗುವುದಿಲ್ಲ. ಬೇಗ ಪತ್ತೆಯಾದರೆ ಒಂದು ವಾರದ ಮಾತ್ರೆ ಸಾಕು. ಗಂಡನೂ ಚಿಕಿತ್ಸೆ ಪಡೆಯಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ. ಒಮ್ಮೆ ಬಂದುಹೋದರೂ ದೇಹಕ್ಕೆ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಅದಕ್ಕೇ ಲಸಿಕೆ ಬೇಕು. 35 ಮಹಿಳೆಯರ ಮೇಲೆ ನಡೆದ ಮೊದಲ ಹಂತದ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು, ಭರವಸೆ ಮೂಡಿಸಿತು. ಆದರೆ ಲಸಿಕೆ ಬರುವವರೆಗೆ ಸುಮ್ನೆ ಕೂರಬೇಕಾ? ನಮ್ಮ ಗದಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲೂ ಕ್ಲಮಿಡಿಯ ಪರೀಕ್ಷೆ ಸಿಗಲಿ.

– ಓದುಗರೊಬ್ಬರು, ಗದಗ